ಕನ್ನಡಿ ಕಳಿಸಿದ ಮುಖ

ಆ ಕನ್ನಡಿಯನ್ನು ಮಾಡಿದವಳು ನಾನೇ. ಹಳೆಯ ಮಾನಿಟರಿನ ಮುಂದೆ ಅರೆಪಾರದರ್ಶಕ ಗಾಜು, ಬೆನ್ನಿಗೆ ಅಂಗೈಯಗಲದ ಕಂಪ್ಯೂಟರ್, ಸುತ್ತ ಮರದ ಚೌಕಟ್ಟು. ಸಾಲ್ಟ್ ಲೇಕಿನ ನಮ್ಮ ಬಾಡಿಗೆ ಮನೆಯ ಹಾಲ್‌ನಲ್ಲಿ ಅದನ್ನು ತೂಗುಹಾಕಿ ಚಾಲೂ ಮಾಡಿದಾಗ ನಮ್ಮಿಬ್ಬರ ಮುಖಗಳ ಪಕ್ಕದಲ್ಲೇ ಗಡಿಯಾರವೂ ಹವಾಮಾನವೂ ಬೆಳ್ಳಗೆ ಮೂಡಿದವು. ಅವ್ವ ಹಿಂದಕ್ಕೆ ಸರಿದು, "ಅಯ್ಯ, ಇದರ ಹೊಟ್ಟಿಯೊಳಗ ಯಾರರೆ ಕೂತಾರೇನವಾ?" ಎಂದಳು.

ನಾನು ಸೆಕ್ಟರ್ ಫೈವ್‌ನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದರೂ ಸಿಬ್ಬಂದಿ ವಿಭಾಗದವಳು, ಕೋಡ್ ಬರೆಯುವವಳಲ್ಲ. ಅಪ್ಪ ತೀರಿಕೊಂಡ ಮೇಲೆ ಅವ್ವ ಧಾರವಾಡದಿಂದ ನನ್ನ ಜೊತೆ ಇರಲು ಬಂದಿದ್ದಳು. ಈ ಬಂಗಾಳಿ ಊರಿನಲ್ಲಿ ಅವಳಿಗೆ ಭಾಷೆ ಬಾರದು, ನನಗೆ ರಜೆ ಸಿಗದು. ಭಾನುವಾರಗಳಲ್ಲಿ ಇಬ್ಬರೂ ಸೇರಿ ಮಾಡುವಂಥದ್ದು ಏನಾದರೂ ಬೇಕಿತ್ತು, ಅದಕ್ಕೆ ಈ ಕನ್ನಡಿ.

ಅದಕ್ಕೆ ಹೊಸ ಹೊಸ ಮಾಡ್ಯೂಲ್‌ಗಳನ್ನು ಸೇರಿಸಬಹುದು. ಮಾಡ್ಯೂಲ್ ಎಂದರೆ ಯಾರೋ ಬರೆದು ಹಂಚಿಟ್ಟ ಪುಟ್ಟ ಪ್ರೋಗ್ರಾಂ. ಇಳಿಸಿಕೊಂಡು ಅದರ ಜಾಗದಲ್ಲಿಡಬೇಕು, ಆಮೇಲೆ ಸೆಟ್ಟಿಂಗಿನ ಫೈಲಿನಲ್ಲಿ ಅದರ ಹೆಸರು ಬರೆದು ಗಾಜಿನ ಯಾವ ಮೂಲೆಯಲ್ಲಿ ಕಾಣಬೇಕೆಂದು ಹೇಳಬೇಕು. ಹೇಳಲು ಇಷ್ಟೇ. ಮೊದಲ ಸಲ ಉತ್ಸಾಹದಲ್ಲಿ ಒಟ್ಟೊಟ್ಟಿಗೆ ಹಲವು ಹಾಕಿದೆ, ಒಂದು ಕಾಮಾ ಬಿಟ್ಟುಹೋಗಿತ್ತು, ಕನ್ನಡಿ ಪೂರ್ತಿ ಕಪ್ಪಾಯಿತು. ತಪ್ಪು ಯಾವುದರಲ್ಲಿದೆಯೆಂದು ಹುಡುಕುವುದರಲ್ಲಿ ಇಡೀ ಭಾನುವಾರ ಕಳೆಯಿತು. ಅಲ್ಲಿಂದ ಮುಂದೆ ಒಂದನ್ನು ಹಾಕಿ, ಅದು ನಡೆಯುತ್ತದೆಯೇ ಎಂದು ನೋಡಿ, ಆಮೇಲೆ ಇನ್ನೊಂದನ್ನು ಮುಟ್ಟುತ್ತಿದ್ದೆ.

ಕ್ಯಾಮೆರಾದ ಮಾಡ್ಯೂಲ್ ಬೇಕೆಂದವಳು ಅವ್ವ. ಯಾರಾದರೂ ಎದುರು ನಿಂತರೆ ಕನ್ನಡಿ ಚಿತ್ರ ತೆಗೆದು ನನ್ನ ಫೋನಿಗೆ ಕಳಿಸುತ್ತದೆ ಎಂದು ವಿವರಿಸಿದ್ದೇ ತಡ, "ಹಾಕು ಹಂಗಾದ್ರ. ನಾ ಯಾವ ಸೀರಿ ಉಟ್ಟೀನಿ ಅಂತ ನಿಂಗ ಆಫೀಸಿನ್ಯಾಗ ಗೊತ್ತಾಗ್ಲಿ" ಎಂದಳು. ಹಾಗೆ ದಿನವೂ ಅವಳ ಚಿತ್ರ ಬರತೊಡಗಿತು. ಕೆಲವು ಸಲ ನಾಲಿಗೆ ಹೊರಚಾಚಿ ನಿಂತಿರುತ್ತಿದ್ದಳು.

ಚೌಕಟ್ಟಿನ ಮೇಲೆ ಕೂರಿಸಿದ ಕ್ಯಾಮೆರಾ ಅಗ್ಗದ್ದು, ಅಂಚಿನಲ್ಲಿರುವುದೆಲ್ಲ ಅದರಲ್ಲಿ ಬಾಗಿದಂತೆ ಕಾಣುತ್ತಿತ್ತು. ಅದನ್ನು ನೆಟ್ಟಗೆ ಮಾಡುವ ಇನ್ನೊಂದು ಮಾಡ್ಯೂಲ್ ಸಿಕ್ಕಿತು. ಒಂದು ಸಂಜೆ ಅದನ್ನೂ ಹಾಕಿದೆ.

ಮರುದಿನ ಬೆಳಿಗ್ಗೆ ಆಫೀಸು ತಲುಪಿ ಚಹಾ ಹಿಡಿದು ಕೂತಿದ್ದೆ. ಫೋನ್ ಸದ್ದು ಮಾಡಿತು. ಚಿತ್ರದಲ್ಲಿ ಅವ್ವನ ಮುಖದ ಒಂದು ಪಕ್ಕ ಕೆಳಗೆ ಜಗ್ಗಿದಂತಿತ್ತು. ಹೊಸ ಮಾಡ್ಯೂಲ್ ಕೆಡಿಸಿತು ಎಂದುಕೊಂಡೆ. ನೆಟ್ಟಗೆ ಮಾಡು ಎಂದರೆ ಮತ್ತಷ್ಟು ಸೊಟ್ಟ ಮಾಡಿದೆಯಲ್ಲ ಎಂದು ನಗುವೂ ಬಂತು. ಸಂಜೆ ಹೋಗಿ ತೆಗೆದುಹಾಕಬೇಕು ಎಂದು ಫೋನ್ ಕೆಳಗಿಟ್ಟೆ.

ಅಷ್ಟರಲ್ಲಿ ಇನ್ನೊಂದು ಚಿತ್ರ ಬಂತು. ಅಪ್ಪ ಹೋದ ಮೇಲೂ ಅವ್ವ ಕುಂಕುಮ ಬಿಟ್ಟವಳಲ್ಲ. ಹಣೆಯ ನಟ್ಟನಡುವೆ ದುಂಡಗೆ ಇಟ್ಟುಕೊಳ್ಳುವವಳು. ಆ ಚಿತ್ರದಲ್ಲಿ ಕುಂಕುಮ ಬಲಹುಬ್ಬಿನ ಮೇಲಿತ್ತು. ದೊಡ್ಡದು ಮಾಡಿ ನೋಡಿದೆ. ಅವಳ ಹಿಂದೆ ಅಡುಗೆಮನೆಯ ಬಾಗಿಲ ಚೌಕಟ್ಟು ಕಾಣುತ್ತಿತ್ತು. ಅದು ನೆಟ್ಟಗಿತ್ತು. ಗೋಡೆಯ ಕ್ಯಾಲೆಂಡರ್ ನೆಟ್ಟಗಿತ್ತು. ಮಾಡ್ಯೂಲ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಆ ಚಿತ್ರದಲ್ಲಿ ಸೊಟ್ಟಗಿದ್ದದ್ದು ನನ್ನ ಅವ್ವನ ಮುಖ ಒಂದೇ.

ಲಕ್ವಾ ಹೊಡೆದಿದೆಯೇ ಎಂದು ಹೊಳೆಯಿತು. ಮನೆಗೆ ಫೋನ್ ಮಾಡಿದೆ, ಅವಳೇ ಎತ್ತಿದಳು.

"ಅವ್ವಾ, ಹೆಂಗ ಇದ್ದೀ?"

"ಆರಾಮ ಅದೀನಿ. ಯಾಕ?" ಬಾಯಲ್ಲಿ ಏನೋ ಇಟ್ಟುಕೊಂಡು ಮಾತಾಡಿದಂತೆ ಅಕ್ಷರಗಳು ಒಂದಕ್ಕೊಂದು ಅಂಟಿದ್ದವು.

"ಕೂತ್ಕೋ. ಅಲ್ಲೇ ಕೆಳಗ ಕೂತ್ಕೋ. ಎಲ್ಲೂ ಹೋಗಬ್ಯಾಡ."

"ನಂಗೇನಾಗೇದ ಹುಚ್ಚಿ?"

ಕೆಳಗಿನ ಮನೆಯ ಬಂಗಾಳಿ ಹೆಂಗಸನ್ನು ಓಣಿಯವರೆಲ್ಲ ಕರೆಯುವಂತೆ ನಾನೂ ಬೌದಿ, ಅಂದರೆ ಅತ್ತಿಗೆ, ಎನ್ನುತ್ತೇನೆ; ಅವರು ಅವ್ವನನ್ನು ಮಾಶಿಮಾ, ಅಂದರೆ ಚಿಕ್ಕಮ್ಮ, ಎನ್ನುತ್ತಾರೆ. ನಮ್ಮ ಇನ್ನೊಂದು ಕೀಲಿ ಅವರ ಹತ್ತಿರವೇ ಇತ್ತು. "ಬೌದಿ, ಈಗಲೇ ಮೇಲೆ ಹೋಗಿ, ಅವ್ವನಿಗೆ ಎರಡೂ ಕೈ ಎತ್ತಲು ಹೇಳಿ" ಎಂದು ಅವರಿಗೆ ಫೋನ್ ಮಾಡಿ ನನ್ನ ಮುರುಕು ಹಿಂದಿಯಲ್ಲಿ ಕೂಗಿದೆ. ಅವರು ಫೋನ್ ಇಡದೆ ಮೆಟ್ಟಿಲು ಹತ್ತಿದರು. ಬಾಗಿಲು ತೆರೆದ ಸದ್ದು ಕೇಳಿತು. ಆಮೇಲೆ, "ಓ ಮಾ! ಮಾಶಿಮಾನ ಎಡಗೈ ಮೇಲೇ ಬರ್ತಿಲ್ಲ! ಕುಂಕುಮವೆಲ್ಲ ನೆಲದ ಮೇಲಿದೆ!" ಎಂದರು ಹಿಂದಿಯಲ್ಲೇ. ಹಿಂದಿನಿಂದ ಅವ್ವ ಕನ್ನಡದಲ್ಲಿ ಬೈಯುತ್ತಿದ್ದಳು.

ಆಂಬುಲೆನ್ಸಿಗೆ ಬೌದಿಯೇ ಫೋನ್ ಮಾಡಿ ಅವ್ವನ ಜೊತೆ ಆಸ್ಪತ್ರೆಗೆ ಹೊರಟರು. ನಾನು ರಸ್ತೆಗೆ ಓಡಿ, ನಾಲ್ಕು ಜನ ತುಂಬಲೆಂದು ಕಾಯುತ್ತಿದ್ದ ಆಟೊ ಹತ್ತಿ "ರಿಸರ್ವ್, ರಿಸರ್ವ್, ಪೂರ್ತಿ ಆಟೊ ನನಗೇ" ಎಂದು ಕಿರುಚಿದೆ. ಚಾಲಕನ ಪಕ್ಕ ಕೂತಿದ್ದ ಪ್ರಯಾಣಿಕ ನನ್ನ ಮುಖ ನೋಡಿ ಇಳಿದ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಇದು ಶುರುವಾದದ್ದು ಎಷ್ಟು ಹೊತ್ತಿಗೆ?" ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವ ಔಷಧಿಯನ್ನು ಹೊತ್ತು ಮೀರಿದ ಮೇಲೆ ಕೊಡುವ ಹಾಗಿಲ್ಲವಂತೆ. ನಾನು ಫೋನ್ ತೆರೆದು ಅವರ ಕೈಗಿಟ್ಟೆ. ಬೆಳಿಗ್ಗೆ ನಾನು ಹೊರಟ ಸ್ವಲ್ಪ ಹೊತ್ತಿಗೆ ತೆಗೆದ ಚಿತ್ರದಲ್ಲಿ ಅವ್ವ ಹೆರಳು ಹಾಕಿಕೊಳ್ಳುತ್ತಿದ್ದಳು, ಎರಡೂ ಕೈ ತಲೆಯ ಹಿಂದೆ, ಮುಖ ನೆಟ್ಟಗೆ. ಅದರ ನಂತರದ್ದೇ ಜಗ್ಗಿದ ಮುಖ. ಎರಡರ ಮೇಲೂ ಸಮಯವಿತ್ತು.

"ಇದನ್ನು ತೆಗೆದವರು ಯಾರು?"

"ಕನ್ನಡಿ" ಎಂದೆ. ನನಗೆ ಹುಚ್ಚು ಹಿಡಿದಿದೆಯೇ ಎಂಬಂತೆ ಒಂದು ಸಲ ನೋಡಿ ಡಾಕ್ಟರು ಒಳಗೆ ಹೋದರು. ಬೌದಿ ನನ್ನನ್ನು ಬೆಂಚಿನ ಮೇಲೆ ಕೂರಿಸಿದರು. ಒಂದು ಕಾಮಾ ತಪ್ಪಿದ್ದರೆ ಎಂಬ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು.

ಔಷಧಿ ಹೊತ್ತಿಗೆ ಸರಿಯಾಗಿ ಕೊಟ್ಟರು, ಅವ್ವ ಉಳಿದಳು. ಮಾತು ಬಹುಮಟ್ಟಿಗೆ ಸರಿಯಾಯಿತು. ಎಡಗೈ ಈಗ ತಟ್ಟೆ ಹಿಡಿಯುತ್ತದೆ, ಸೂಜಿ ಇನ್ನೂ ಹಿಡಿಯುವುದಿಲ್ಲ.

ಮನೆಗೆ ಬಂದ ಕೆಲವು ದಿನಗಳಿಗೆ ಆ ಚಿತ್ರ ನೋಡಬೇಕೆಂದು ಹಟ ಹಿಡಿದಳು. ಬೇಡವೆಂದೆ, ಕೇಳಲಿಲ್ಲ. ಫೋನನ್ನು ಬಲಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

"ಇದು ನನ್ನ ಮಾರಿ ಏನ?"

"ಹೌದವ್ವಾ."

"ಸುಳ್ಳು. ನಾ ಅವತ್ತು ಕನ್ನಡಿ ಮುಂದನ ನಿಂತಿದ್ದೆ. ನೋಡಕೋತ ನೋಡಕೋತನ ಕುಂಕುಮ ಇಟಗೊಂಡೆ. ಎಲ್ಲಾ ಸರಿ ಇತ್ತು."

ಅಷ್ಟು ದಿನವೂ ನಾನು ಚಿತ್ರದ ಬಗ್ಗೆ ಯೋಚಿಸಿದ್ದೆ, ಔಷಧಿಯ ಬಗ್ಗೆ ಯೋಚಿಸಿದ್ದೆ. ಅದೇ ಗಾಜಿನೊಳಗೆ ಅವಳು ತನ್ನನ್ನು ಏನೆಂದು ಕಂಡಿರಬಹುದು ಎಂದು ಯೋಚಿಸಿರಲಿಲ್ಲ. ಕೆಲವರಿಗೆ ಈ ಕಾಯಿಲೆಯಲ್ಲಿ ತಮಗೆ ಏನಾಗಿದೆ ಎಂಬುದೇ ತಿಳಿಯುವುದಿಲ್ಲ ಎಂದು ಮುಂದಿನ ಸಲ ಡಾಕ್ಟರು ಹೇಳಿದರು. ಆ ಕ್ಷಣದಲ್ಲಿ ನನಗೆ ಅದು ಗೊತ್ತಿರಲಿಲ್ಲ.

ಅವ್ವ ಎದ್ದು, ಗೋಡೆ ಹಿಡಿದು ಕನ್ನಡಿಯ ಮುಂದೆ ಹೋಗಿ ನಿಂತಳು. ಕೆನ್ನೆ ಮುಟ್ಟಿಕೊಂಡಳು, ತುಟಿ ಎಳೆದು ನೋಡಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ನೀ ಹೇಳು, ಈಗ ಸರಿ ಅದ?" ಎಂದಳು.

ನಾನು ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದೆ. ಎಡತುಟಿಯ ತುದಿ ಒಂದಿಷ್ಟು ಕೆಳಗಿತ್ತು.

"ಒಂದ್ ಸ್ವಲ್ಪ ಸೊಟ್ಟ ಅದ" ಎಂದೆ.

"ಅಷ್ಟು ಇರ್ಲಿ ತಗೋ" ಎಂದು, ನನ್ನ ಹೆಗಲ ಮೇಲೆ ಭಾರ ಹಾಕಿ ಅಡುಗೆಮನೆಯ ಕಡೆ ಹೆಜ್ಜೆ ಹಾಕಿದಳು.