ನನ್ನ ತಮ್ಮ ಬೈಕಿಗೆ ಅಳತೆ ತೆಗೆದದ್ದು

ನನ್ನ ತಮ್ಮ ಟೈಲರು. ಪ್ಯಾಂಟು ಹೊಲಿಯುವುದರಲ್ಲಿ ಅವನನ್ನು ಮೀರಿಸುವವರು ನಮ್ಮ ಕಡೆ ಇಲ್ಲ. ಬೀದಿಯವರೆಲ್ಲ ಅವನನ್ನು ಮಾಸ್ಟ್ರು ಎಂದೇ ಕರೆಯುವುದು. ಟೇಪು ಅವನ ಕುತ್ತಿಗೆ ಬಿಟ್ಟು ಇಳಿಯುವುದು ಸ್ನಾನಕ್ಕೆ ಮಾತ್ರ. ಅವನ ಅಂಗಡಿಯಲ್ಲೇ ಒಂದು ಮೂಲೆಯಲ್ಲಿ ಕೂತು ನಾನು ಗುಂಡಿ ಹಾಕುತ್ತೇನೆ, ಕಾಜಾ ಹೊಲಿಯುತ್ತೇನೆ, ಅಂಚು ಮಡಿಸುತ್ತೇನೆ. ಗುಂಡಿ ಹಾಕುವವರಿಗೆ ಕೈಗೆ ಕೆಲಸ, ಕಿವಿಗೆ ಬಿಡುವು. ಹಾಗಾಗಿ ಈ ಬೈಕಿನ ಕಥೆಯಲ್ಲಿ ನನಗೆ ಕೇಳದೆ ತಪ್ಪಿಹೋದದ್ದು ಕಮ್ಮಿ.

ಅವನಿಗೆ ಸ್ಪೋರ್ಟ್ಸ್ ಬೈಕಿನ ಹುಚ್ಚು ಹತ್ತಿದ್ದು ತಲೆಯ ಅರ್ಧ ಕೂದಲು ಬೆಳ್ಳಗಾದ ಮೇಲೆ. ಒಬ್ಬ ಗಿರಾಕಿ ಅಂಥದೊಂದು ಬೈಕಿನಲ್ಲಿ ಬಂದಿದ್ದ. ಅವನು ಟ್ಯಾಂಕಿನ ಮೇಲೆ ಬಗ್ಗಿ, ಬಿದ್ದ ಸೂಜಿ ಹುಡುಕುವವನ ಹಾಗೆ ಕೂತಿದ್ದನ್ನು ನೋಡಿ ನನ್ನ ತಮ್ಮ ಕತ್ತರಿ ಕೆಳಗಿಟ್ಟ.

"ಅಕ್ಕಾ, ಅವನು ಕೂತಿರೋ ರೀತಿ ನೋಡು. ನಾನು ಮಿಷನ್ ಮುಂದೆ ಕೂರೋದೂ ಹಿಂಗೇ ಅಲ್ವಾ? ಸ್ಕೂಟರ್ ಮೇಲೆ ನೆಟ್ಟಗೆ ಕೂತ್ರೆ ನನ್ನ ಬೆನ್ನು ಹಿಡ್ಕೊಳ್ಳುತ್ತೆ. ಈ ಬೈಕು ನನ್ನ ಬೆನ್ನಿಗೇ ಹೊಲಿದ ಹಾಗಿದೆ."

ಅವನ ಹೆಂಡತಿ ಆಸ್ಪತ್ರೆಯಲ್ಲಿ ಆಯಾ. ಹಾಸಿಗೆ ಹಿಡಿದವರನ್ನು ಎತ್ತಿ ಕೂರಿಸುವುದು, ಪಕ್ಕಕ್ಕೆ ಹೊರಳಿಸುವುದು ಅವಳ ಕೆಲಸ. ಬೈಕಿನಿಂದ ಬಿದ್ದವರೆಲ್ಲ ಕೊನೆಗೆ ಅವಳ ತೋಳಿಗೇ ಬರುವವರು. ಅವಳು ಬೇಡ ಅನ್ನಲಿಲ್ಲ. ಅನ್ನದೇ ಇದ್ದದ್ದಕ್ಕೇ ಅವನಿಗೆ ಹೆಚ್ಚು ಭಯವಾಯಿತು.

"ತಗೊಳ್ಳಿ. ಆದ್ರೆ ಒಂದು ಮಾತು. ಆ ಬೈಕು ಒಂದೇ ಒಂದು ಸಲ ಬಿತ್ತು ಅಂದ್ರೆ, ಮಾರನೇ ದಿನ ಅದು ನಮ್ಮ ಮನೆ ಮುಂದೆ ಇರಬಾರದು. ಅತ್ತಿಗೆ ಸಾಕ್ಷಿ" ಎಂದು ನನ್ನ ಕಡೆ ಕೈ ತೋರಿಸಿದಳು. ಅವನು ದೊಡ್ಡದಾಗಿ ತಲೆಯಾಡಿಸಿದ.

ಶೋರೂಮಿಗೆ ನನ್ನನ್ನೂ ಕರೆದುಕೊಂಡು ಹೋದ. ಗಾಜಿನ ಗೋಡೆ, ಮುಖ ಕಾಣುವಷ್ಟು ನುಣುಪಾದ ನೆಲ. ಮಧ್ಯದಲ್ಲಿ ಕೆಂಪು ಬೈಕು, ಹಿಂಬದಿ ಎತ್ತಿಕೊಂಡು ನಿಂತ ಕಣಜದ ಹುಳದಂತೆ. ಮಾರುವವನು, "ಕೂತು ನೋಡಿ ಸಾರ್" ಅಂದ. ನನ್ನ ತಮ್ಮ ಕೂರಲಿಲ್ಲ. ಅಷ್ಟು ಜನರ ಮುಂದೆ ಬೀಳಿಸಿಬಿಟ್ಟರೆ ಎಂಬ ಅಂಜಿಕೆ ಅವನಿಗೆ. ಅದನ್ನು ಹೇಳಿಕೊಳ್ಳುವ ಜಾತಿಯವನಲ್ಲ. ಕುತ್ತಿಗೆಯಿಂದ ಟೇಪು ಎಳೆದು, ಮಂಡಿಯೂರಿ ಸೀಟಿನಿಂದ ನೆಲದವರೆಗೆ ಅಳತೆ ತೆಗೆದ. ಆಮೇಲೆ ಅಲ್ಲೇ ನಿಂತು, ತನ್ನ ಪ್ಯಾಂಟಿನ ಒಳಗಾಲಿನ ಅಳತೆ ತೆಗೆದುಕೊಂಡ. ಎರಡೂ ಸಮ, ಕೂದಲಿನಷ್ಟೂ ವ್ಯತ್ಯಾಸವಿಲ್ಲ.

"ಅಳತೆ ಕೂತ್ಮೇಲೆ ನಾನು ಕೂರೋದೇನ್ರೀ ಇದೆ. ಪ್ಯಾಕ್ ಮಾಡಿ" ಅಂದ, ಬೈಕನ್ನೇನೋ ಕಾಗದದಲ್ಲಿ ಸುತ್ತಿ ಕೊಡುತ್ತಾರೆ ಎನ್ನುವಂತೆ.

ಗಿರಾಕಿಗಳಿಗೆ ಟ್ರಯಲ್ ನೋಡದೆ ಒಂದು ಬನಿಯನ್ನೂ ಕೊಡದ ಮನುಷ್ಯ, ತನ್ನ ಬೈಕನ್ನು ಟ್ರಯಲ್ ಇಲ್ಲದೆ ತಂದ. ನೆಟ್ಟಗೆ ನಿಂತಾಗ ತೆಗೆದ ಕಾಲಿನ ಅಳತೆ ಕಾಲು ಅಗಲಿಸಿದಾಗ ಉಳಿಯುವುದಿಲ್ಲ ಎನ್ನುವುದು ಅವನಿಗೆ ತಿಳಿದದ್ದು ಬೈಕು ಏರಿದ ಮೇಲೆ. ಸೀಟು ಅಗಲ, ಟ್ಯಾಂಕು ಅದಕ್ಕಿಂತ ಅಗಲ. ಎರಡೂ ಕಡೆ ಹೆಬ್ಬೆರಳಿನ ತುದಿ ಮಾತ್ರ ನೆಲ ಸವರುತ್ತಿತ್ತು.

ಓಡುವಾಗ ಏನೂ ತೊಂದರೆ ಇಲ್ಲ. ಕಷ್ಟ ಇದ್ದದ್ದು ನಿಲ್ಲಿಸುವುದರಲ್ಲಿ. ಮೊದಲ ದಿನ ಅಂಗಡಿಗೆ ಬಂದವನು ಬಾಗಿಲ ಕಂಬವನ್ನು ಅಪ್ಪಿಕೊಂಡು ನಿಂತ.

ಎದುರಿಗೆ ಬೀಗದ ಕೈ ಮಾಡುವವನ ಡಬ್ಬಿ ಅಂಗಡಿ ಇದೆ. ಅವನ ಬಾಯಿಗೆ ಮಾತ್ರ ಬೀಗವಿಲ್ಲ. "ಏನ್ ಮಾಸ್ಟ್ರೇ, ಕಂಬದ ಮೇಲೆ ಇಷ್ಟೊಂದು ಪ್ರೀತಿ?"

"ಕಂಬ ಗಟ್ಟಿ ಇದೆಯಾ ನೋಡ್ತಿದ್ದೆ ಕಣಯ್ಯಾ."

"ನಿಮ್ಮ ಕಾಲು ಗಟ್ಟಿ ಇದೆಯಾ ನೋಡ್ಕೊಳ್ಳಿ. ನೇತಾಡ್ತಿದೆ, ಗಂಟೆ ಹಂಗೆ."

ಅವತ್ತಿನಿಂದ ನನ್ನ ತಮ್ಮ ಈ ಊರನ್ನು ಒರಗುವ ಜಾಗಗಳ ಊರು ಎಂದು ನೋಡತೊಡಗಿದ. ಬ್ಯಾಂಕಿನ ಮೆಟ್ಟಿಲು, ಔಷಧಿ ಅಂಗಡಿಯ ಕಟ್ಟೆ, ಸಿಗ್ನಲ್ ಪಕ್ಕದ ರಸ್ತೆಯಂಚಿನ ಕಲ್ಲು. ಎಡಗಾಲು ಊರಲು ಎಲ್ಲಿ ಎತ್ತರವಿದೆಯೋ ಅಲ್ಲಿಗೆ ಮಾತ್ರ ಅವನ ಸವಾರಿ. ಬಟ್ಟೆ ತರುವ ಸಗಟು ಅಂಗಡಿಯನ್ನೇ ಬದಲಾಯಿಸಿದ, ಹಳೆಯ ಅಂಗಡಿಯ ಮುಂದೆ ಕಟ್ಟೆ ಇರಲಿಲ್ಲವೆಂದು.

ಜೊತೆಗೆ ಒಂದೊಂದೇ ಸಾಮಾನು ಬರತೊಡಗಿತು. ಬಿದ್ದರೂ ಬಿದ್ದಂತೆ ಕಾಣದಿರಲಿ ಎಂದು ಎರಡೂ ಕಡೆಗೆ ಕಬ್ಬಿಣದ ಗಾರ್ಡು. ಮುಖದ ಭಯ ಕಾಣದಿರಲಿ ಎಂದು ಕಪ್ಪು ಗಾಜಿನ ಹೆಲ್ಮೆಟ್ಟು. ಬೆರಳಿನ ಗೆಣ್ಣಿನ ಮೇಲೆಲ್ಲ ಉಬ್ಬು ಇರುವ ಗ್ಲೌಸು. ಅದನ್ನು ಹಾಕಿಕೊಂಡೇ ಒಂದು ದಿನ ಸೂಜಿಗೆ ದಾರ ಪೋಣಿಸಲು ಹೋಗಿ ಮಧ್ಯಾಹ್ನದವರೆಗೂ ಪೋಣಿಸುತ್ತಲೇ ಇದ್ದ. ಬೈಕಿಗೆ ಹೊದಿಕೆಯನ್ನು ಅಂಗಡಿಯಿಂದ ತರುವುದು ಅವಮಾನವೆಂದು ತಾನೇ ಹೊಲಿದ. ಮೊದಲು ಕಚ್ಚಾ ಹೊಲಿಗೆ, ಆಮೇಲೆ ಬೈಕಿನ ಮೇಲೆ ಟ್ರಯಲ್, ಹ್ಯಾಂಡಲ್ಲಿಗೆ ಎರಡು ತೋಳು, ಒಳಗೆ ಲೈನಿಂಗು, ಪಕ್ಕದಲ್ಲೊಂದು ಜೇಬು.

"ಜೇಬು ಯಾಕೋ ಅದಕ್ಕೆ?" ಅಂತ ಕೇಳಿದೆ.

"ಜೇಬಿಲ್ಲದ ಬಟ್ಟೆ ಹಾಕ್ಕೊಂಡು ನಿಂತ್ಕೊಳ್ಳುತ್ತಾ ಪಾಪ!"

ಕೊನೆಗೆ ದಪ್ಪ ಅಟ್ಟೆಯ ಬೂಟು ತಂದ. ಈಗ ಕಾಲು ನೆಲಕ್ಕೆ ಮುಟ್ಟಿತು. ಆದರೆ ಬೂಟು ಗೇರಿನ ಕೆಳಗೆ ನುಗ್ಗಲಿಲ್ಲ. ಮೊದಲ ಗೇರಿನಲ್ಲೇ ಕೂಗಿಸುತ್ತಾ ಊರಿಡೀ ಸುತ್ತಿ ಬಂದ. ಬೀಗದವನು, "ಮಾಸ್ಟ್ರು ಬರೋದು ಮೊದ್ಲು ಕೇಳುತ್ತೆ, ಆಮೇಲೆ ಕಾಣುತ್ತೆ" ಅಂದ.

ಅಷ್ಟರಲ್ಲಿ ಹೆಂಡತಿ ಒಂದು ದಿನ ಕೇಳಿಯೇಬಿಟ್ಟಳು. "ಊರಿಗೆಲ್ಲ ಶಬ್ದ ಕೇಳಿಸಿದ್ದಾಯ್ತು. ನನ್ನ ಯಾವಾಗ ಕೂರಿಸ್ಕೊಂಡು ಹೋಗ್ತೀರ? ಭಾನುವಾರ ನನಗೆ ರಜ."

ಅವನ ಮುಖದ ಬಣ್ಣ ಇಳಿಯಿತು. ಹೆಂಡತಿ ಹಿಂದೆ ಕೂತಾಗಲೇ ಬೈಕು ಬಿದ್ದರೆ ಸಾಕ್ಷಿ ಹುಡುಕುವ ಅಗತ್ಯವೂ ಇಲ್ಲ. ಅವತ್ತು ಸಂಜೆಯೇ ಸೀಟು ಬಿಚ್ಚಿ ಅಂಗಡಿಯ ಮೇಜಿನ ಮೇಲೆ ಇಟ್ಟ.

"ಅಕ್ಕಾ, ನಾನೆಂಥ ದಡ್ಡ! ಇದೂ ಬಟ್ಟೆ ಕೆಲಸವೇ ಅಲ್ವಾ? ಉದ್ದ ಆದ್ರೆ ಕತ್ತರಿಸೋದು, ಅಷ್ಟೇ."

ರೆಕ್ಸಿನ್ ಬಿಡಿಸಿ, ಒಳಗಿನ ದಪ್ಪ ಸ್ಪಂಜನ್ನು ಕತ್ತರಿಯಿಂದ ಹಲ್ವದಂತೆ ಸೀಳಿ ತೆಗೆದ. ರೆಕ್ಸಿನ್ನನ್ನು ಮತ್ತೆ ಎಳೆದು ಹೊಲಿದ, ಗೆರೆ ಕಾಣದ ಹಾಗೆ. ಕೂತು ನೋಡಿದರೆ ಎರಡೂ ಪಾದ ನೆಲಕ್ಕೆ ಅಂಟಿದವು! ಅಂಗಡಿಯ ಮುಂದೆ ಕಂಬದ ಹಂಗಿಲ್ಲದೆ ನಿಂತು, ಬೀಗದವನಿಗೆ ಕೇಳಿಸುವಂತೆ ಕೆಮ್ಮಿದ.

ಮಾರನೇ ದಿನ ಒಂದು ಸುತ್ತು ಹೋಗಿ ಬಂದವನು ಬೈಕಿನಿಂದ ಇಳಿದು ಹಾಗೇ ಕಾಲು ಅಗಲಿಸಿಕೊಂಡು ನಿಂತ. ಸೀಟಿನಲ್ಲಿ ಮೆತ್ತಗಿನದು ಏನೂ ಉಳಿದಿರಲಿಲ್ಲ. ರಸ್ತೆಯ ಒಂದೊಂದು ಹಳ್ಳವೂ ನೇರ ಬೆನ್ನುಮೂಳೆಗೆ ಬಂದು ಮಾತಾಡಿಸಿತಂತೆ.

ತೆಗೆದ ಸ್ಪಂಜು ಮೇಜಿನ ಕೆಳಗೇ ಇತ್ತು. ಟೈಲರನ ಅಂಗಡಿಯಲ್ಲಿ ಚೂರು ಬಟ್ಟೆಯೂ ಕಸಕ್ಕೆ ಹೋಗುವುದಿಲ್ಲ. ಕಾಲರಿಗೋ ಜೇಬಿಗೋ ಆದೀತೆಂದು ಎತ್ತಿಡುವುದು ನಮ್ಮ ಅಭ್ಯಾಸ. ಅವನು ಆ ಸ್ಪಂಜನ್ನು ನೋಡಿದ, ತನ್ನ ಪ್ಯಾಂಟನ್ನು ನೋಡಿದ. ಭಾನುವಾರ ಬೆಳಿಗ್ಗೆ ಬಾಗಿಲು ಮುಂದೆ ಮಾಡಿಕೊಂಡು, ಪ್ಯಾಂಟಿನ ಹಿಂಭಾಗಕ್ಕೆ ಒಳಗಿನಿಂದ ಸ್ಪಂಜು ಇಟ್ಟು, ಮೇಲೊಂದು ಲೈನಿಂಗು ಕೊಟ್ಟು ಹೊಲಿದ. ಕೊನೆಯ ದಾರ ಕಡಿಯುವಷ್ಟರಲ್ಲಿ ಹೊರಗೆ ಹೆಂಡತಿಯ ದನಿ.

"ರೀ, ಹೊರಡೋದಾ? ಇಲ್ಲ ನಾನು ಹೋಗಿ ಮಲಗ್ಲಾ?"

ಅವನು ಅಂಗಡಿಯ ಮೆಟ್ಟಿಲ ಮೇಲಿನಿಂದ ಹತ್ತಿ ಕೂತ. ಎತ್ತರದ ಹಿಂದಿನ ಸೀಟಿಗೆ ಅವಳೂ ಅದೇ ಮೆಟ್ಟಿಲಿನಿಂದಲೇ ಹತ್ತಿದಳು. ಹೋಗುವಾಗ ಸಿಗ್ನಲ್ ಹಸಿರಿತ್ತು, ಸುಯ್ಯೆಂದು ಹೋದರು.

ಸಿಗ್ನಲ್ ನಮ್ಮ ಅಂಗಡಿಯಿಂದ ಚೆನ್ನಾಗಿ ಕಾಣುತ್ತದೆ. ವಾಪಸು ಬರುವಾಗ ಕೆಂಪು ದೀಪ. ಅವನು ಕಾಲೂರುವ ಕಲ್ಲಿನ ಪಕ್ಕದಲ್ಲಿ ಒಂದು ಬಸ್ಸು ನಿಂತಿತ್ತು. ಹೊಸ ಸೀಟಿನ ಧೈರ್ಯದಿಂದ ಇವನು ರಸ್ತೆ ಮಧ್ಯದಲ್ಲೇ ನಿಲ್ಲಿಸಿ ಕಾಲು ಚಾಚಿದ. ಕಾಲು ಗಾಳಿಯಲ್ಲಿ ನೆಲವನ್ನು ಹುಡುಕಿತು. ಬೈಕು ಎಡಕ್ಕೆ ನಿಧಾನವಾಗಿ, ನಿದ್ದೆ ಬಂದವರಂತೆ ವಾಲತೊಡಗಿತು.

ಅವಳು ಹಿಂದಿನಿಂದ ಜಾರಿ ಇಳಿದು, ಭುಜ ಕೊಟ್ಟು ತಡೆದಳು. ಅರ್ಧ ಮಲಗಿದ ಬೈಕು, ಅದರ ಮೇಲೆ ಇವನು, ಎರಡನ್ನೂ ಹೊತ್ತು ಇವಳು. ನಾನು ಸೂಜಿ ಬಿಟ್ಟು ಓಡಿದೆ. ಬೀಗದವನೂ ಓಡಿದ.

"ಇದು ಬಿದ್ದದ್ದಾ, ಇಲ್ವಾ?" ಅವಳು ಹಲ್ಲು ಕಚ್ಚಿಕೊಂಡು ಕೇಳುತ್ತಿದ್ದಳು.

"ನೆಲ ಮುಟ್ಟಿಲ್ವಲ್ಲೇ!"

"ಕೈ ಬಿಟ್ರೆ ಮುಟ್ಟುತ್ತೆ. ಬಿಡ್ಲಾ?"

"ಬೇಡ್ವೇ, ನಿನ್ನ ದಮ್ಮಯ್ಯ!"

ಹಿಂದಿನ ಗಾಡಿಗಳು ಹಾರ್ನ್ ಹೊಡೆದವು. ಬೀಗದವನು ಸೇರಿ ಎಲ್ಲರೂ ಬೈಕನ್ನು ನೆಟ್ಟಗೆ ಮಾಡಿ ಅಂಗಡಿಗೆ ತಳ್ಳಿಕೊಂಡು ಬಂದೆವು. ಬೈಕಿನ ಮೇಲಿಂದ ನನ್ನ ತಮ್ಮನನ್ನು ಇಳಿಸುವಾಗ ಹೆಂಡತಿಯ ಕೈಗೆ ಪ್ಯಾಂಟಿನ ಹಿಂಭಾಗ ಮೆತ್ತಗೆ ತಾಗಿತು. ಆಸ್ಪತ್ರೆಯ ಕೈ, ಊದಿಕೊಂಡದ್ದನ್ನು ಬಿಡುವುದಿಲ್ಲ. ಒತ್ತಿ ನೋಡಿದಳು.

"ಏನ್ರೀ ಇದು?"

"ಸೀಟಿನ ಸ್ಪಂಜು."

"ಎತ್ತರ ಕಮ್ಮಿ ಮಾಡೋಕೆ ಸೀಟಿಂದ ತೆಗೆದದ್ದು?"

"ಹೂಂ."

"ಅದನ್ನೇ ಹಾಕ್ಕೊಂಡು ಅದರ ಮೇಲೇ ಕೂತ್ರಾ?"

ಅವನು ಕುತ್ತಿಗೆಗೆ ಕೈ ಹಾಕಿದ. ಟೇಪು ತೆಗೆದು ಸೀಟಿನ ಮೇಲಿಟ್ಟ, ಪ್ಯಾಂಟಿಗೆ ಹಿಡಿದ, ಮತ್ತೆ ಸೀಟಿಗೆ ಹಿಡಿದ. ತುಟಿಯಲ್ಲೇ ಕೂಡಿದ. ಹಳೆಯ ಎತ್ತರವೇ ಬಂತು, ಲೈನಿಂಗಿನ ದಪ್ಪ ಸೇರಿ ಚೂರು ಹೆಚ್ಚು.

ಬೀಗದವನು ಬಾಯಿ ತೆರೆದ, ಏನೂ ಹೊಳೆಯದೆ ಮುಚ್ಚಿದ. ನಾನು ಅವನನ್ನು ಹಾಗೆ ನೋಡಿದ್ದು ಅದೇ ಮೊದಲು.

ಅವಳು ನಕ್ಕ ನಗು ಮಾತ್ರ! ಮೆಟ್ಟಿಲ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು, ಕಣ್ಣು ಒರೆಸಿಕೊಂಡು ಮತ್ತೆ ನಕ್ಕಳು. ನನ್ನ ತಮ್ಮ ಕೈ ಕಟ್ಟಿಕೊಂಡು ನಿಂತಿದ್ದ, ಕಣ್ಣು ಬೈಕಿನ ಮೇಲೆ. ಕೆಂಪು ಬಣ್ಣವನ್ನು ಕೊನೆಯ ಸಲ ನೋಡುವವನ ಹಾಗಿತ್ತು ಅವನ ಮುಖ.

"ನಾಳೆ ಮಾರ್ತೀನಿ ಬಿಡು" ಅಂದ, ಕೇಳಿಸಿಯೂ ಕೇಳಿಸದಂತೆ.

"ಯಾಕೆ ಮಾರ್ತೀರ?"

"ಬಿತ್ತಲ್ಲ."

"ಯಾರು ಹೇಳಿದ್ದು ಬಿತ್ತು ಅಂತ? ನಾನು ಹಿಡ್ಕೊಂಡಿರ್ಲಿಲ್ವಾ? ನನ್ನ ಕೈಲಿರೋದು ಯಾವತ್ತಾದ್ರೂ ಬಿದ್ದಿದೆಯಾ?" ಎಂದು ಅವಳು ನನ್ನ ಪಕ್ಕಕ್ಕೆ ಸರಿದು ದನಿ ತಗ್ಗಿಸಿದಳು. "ಅತ್ತಿಗೆ, ಆ ಹಿಂದಿನ ಸೀಟಲ್ಲಿ ಕೂತ್ರೆ ಎಲ್ಲರ ಮನೆ ಕಾಂಪೌಂಡ್ ಒಳಗೂ ಕಾಣುತ್ತೆ. ಅಂಚೆ ಕಚೇರಿ ಹಿಂದಿನ ಆ ದೊಡ್ಡ ಮನೆಯವರು ಏನೇನು ಒಣಹಾಕಿದ್ದಾರೆ ಅಂತೀರಿ!"

ಆಮೇಲೆ ಗಂಡನ ಕಡೆ ತಿರುಗಿ, "ಸ್ಪಂಜು ಬಿಚ್ಚಿ ಬನ್ನಿ. ಬಸ್ ಡಿಪೋ ಕಡೆ ಇನ್ನೂ ಎತ್ತರದ ಗೋಡೆಗಳಿವೆ" ಅಂದಳು.

"ಸ್ಪಂಜಿಲ್ದಿದ್ರೆ ನೋವಾಗುತ್ತಲ್ಲೇ."

"ನೋವಾಗ್ಲಿ. ಬಿದ್ರೆ ಎತ್ತೋಳು ನಾನು."

ಅವನು ಪ್ಯಾಂಟು ಬದಲಾಯಿಸಿ ಬಂದ. ಡಿಪೋ ಆದಮೇಲೆ ಹಳೇ ಮಿಲ್ಲು, ಆಮೇಲೆ ಕೆರೆಯ ಹಿಂದಿನ ಬಂಗಲೆಗಳು ಎಂದು ಅವಳು ಹೇಳಿದ ಕಡೆಯೆಲ್ಲ ಸುತ್ತಿ ಬಂದರು. ಪ್ರತಿ ಸಿಗ್ನಲಿನಲ್ಲೂ ಎರಡು ಕಾಲೂ ನೆಲಕ್ಕೆ ಊರಿ, ಎದೆ ಉಬ್ಬಿಸಿ ನಿಂತನಂತೆ.

ಸೋಮವಾರ ಬಟ್ಟೆ ಕತ್ತರಿಸುವುದು, ಇಸ್ತ್ರಿ ಹಾಕುವುದು, ಗಿರಾಕಿಗಳ ಅಳತೆ ತೆಗೆಯುವುದು, ನಿಂತು ಮಾಡುವ ಕೆಲಸವೆಲ್ಲ ಅವನೇ ಮಾಡಿದ. ಮಿಷನ್ ಮೇಲೆ ನಾನು ಕೂತೆ.