ಉಲ್ಟಾ ಲಾವಣಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆಳಂದದ ಅಂಗಡಿಯೊಂದರ ಮುಂದೆ ತೊಗರಿ ಕುಡಿ ಚಿವುಟುವ ಯಂತ್ರಗಳನ್ನು ಸಾಲಾಗಿ ಒರಗಿಸಿದ್ದನ್ನು ಕಂಡ ದಿನ ಅದು ನೆತ್ತಿಗೇರಿತು. ಉದ್ದನೆಯ ಕೋಲು, ತುದಿಗೆ ತಿರುಗುವ ಬ್ಲೇಡು, ಹಿಡಿಯಲ್ಲೊಂದು ಗುಂಡಿ. ಇಪ್ಪತ್ತು ವರ್ಷಕ್ಕೂ ಹಿಂದೆ ಇಂಥದ್ದನ್ನು ಮಾಡಿದವರು ನನ್ನ ಸೋದರಮಾವ, ಅಫಜಲಪುರದಲ್ಲಿ ಪಂಪ್‌ಸೆಟ್ ಮೋಟರುಗಳಿಗೆ ತಂತಿ ಸುತ್ತುವವರು. ಡಬ್ಬಿಗಳ ಮೇಲೆ ಮಾತ್ರ ಯಾರ್ಯಾರದೋ ಹೆಸರು.

ಆಡು ಮೇದ ಸಾಲಿನ ತೊಗರಿ ಗಿಡಗಳು ಕವಲೊಡೆದು ಹೆಚ್ಚು ಕಾಯಿ ಹಿಡಿದದ್ದನ್ನು ನೋಡಿ ಮಾವನಿಗೆ ಈ ಹುಚ್ಚು ಹತ್ತಿತ್ತು. ಆಗೆಲ್ಲ ಕುಡಿಯನ್ನು ಕೈಯಿಂದಲೇ ಚಿವುಟಬೇಕು. ಸಂಜೆಗೆ ನಮ್ಮವ್ವನ ಹೆಬ್ಬೆರಳು ಕಪ್ಪಾಗಿ, ಅನ್ನ ಕಲಸಿದರೆ ಉರಿಯುವಷ್ಟು ಬಿರಿದಿರುತ್ತಿತ್ತು. ಮಾವನ ಯಂತ್ರ ಚೆನ್ನಾಗಿಯೇ ಕೊಯ್ಯುತ್ತಿತ್ತು, ಆದರೆ ಬೆನ್ನಿಗೆ ಸ್ಕೂಟರ್ ಬ್ಯಾಟರಿ ಕಟ್ಟಿಕೊಳ್ಳಬೇಕು. ಅವ್ವ ನಾಲ್ಕು ಸಾಲು ಮುಗಿಸಿ ಇಳಿಸಿಬಿಟ್ಟಳು. ಆ್ಯಸಿಡ್ ಸೋರಿ ಸೀರೆ ಜರಡಿಯಾಗಿತ್ತು. "ತಮ್ಮಾ, ಇದರಕಿಂತ ನನ್ನ ಬೆರಳೇ ಚೊಲೊ" ಎಂದಳು.

ಮಾವ ಹಟ ಬಿಡಲಿಲ್ಲ. ಪೇಟೆಂಟ್ ಮಾಡಿಸಿದರು, ಅದು ತಪ್ಪಿಹೋಗದಂತೆ ವರ್ಷವರ್ಷವೂ ಶುಲ್ಕ ಕಟ್ಟಿ ಕಾಯ್ದುಕೊಂಡರು. ಹಗುರ ಬ್ಯಾಟರಿಗಳು ನಮ್ಮ ಕಡೆ ಬಂದು ಯಂತ್ರ ಮನೆಮನೆಗೆ ಹೋಗುವ ಹೊತ್ತಿಗೆ ಪೇಟೆಂಟಿನ ಇಪ್ಪತ್ತು ವರ್ಷ ಮುಗಿದಿತ್ತು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ.

"ಮುದ್ದತ್ ಮುಗೀತಲ್ರಿ ಮಾಮಾ, ಇನ್ನ ಅದು ನಿಮಗೇ ವಾಪಸ್ ಬರಬೇಕಲ್ಲ?" ಎಂದು ನಾನು ವಾದಕ್ಕೆ ನಿಂತೆ. ಹೊಲವನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಡುವ ನಮ್ಮಂಥವರಿಗೆ ಗೊತ್ತಿರುವುದು ಒಂದೇ ಕಾಯಿದೆ: ಉಳುವವನ ಮುದ್ದತ್ತು ಮುಗಿದರೆ ಹೊಲ ಧಣಿಗೆ. ಮಾವ ತಮ್ಮ ಯಂತ್ರವನ್ನು ಸರಕಾರಕ್ಕೆ ಇಪ್ಪತ್ತು ವರ್ಷ ಲಾವಣಿಗೆ ಹಾಕಿದ್ದಾರೆಂದೇ ನಾನು ತಿಳಿದಿದ್ದೆ. ನರೋಣಾದ ಶಾಲೆಯಲ್ಲಿ ವಿಜ್ಞಾನ ಕಲಿಸುವವಳು ನಾನು!

ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇದು ಉಲ್ಟಾ ಲಾವಣಿ ಬೇ. ಇಷ್ಟು ದಿನ ಲಾವಣಿ ಹಿಡದಾಂವ ನಾನು. ಈಗ ಧಣಿಗೋಳ ಕಡಿ ವಾಪಸ್ ಹೋತು."

"ಧಣಿ ಯಾರ್ರಿ?"

"ಎಲ್ಲಾರೂ."

ನನಗೆ ಸಮಾಧಾನವಾಗಲಿಲ್ಲ. ಇದನ್ನು ಮೊದಲು ಮಾಡಿದವರು ಇವರು ಎಂದು ಒಬ್ಬರಾದರೂ ಒಪ್ಪಬೇಕು, ಅಷ್ಟೇ ನನ್ನ ಹಟ. ಕಳೆದ ಶ್ರಾವಣದಲ್ಲಿ ಪೇಟೆಂಟಿನ ಕಾಗದ ಚೀಲಕ್ಕೆ ಹಾಕಿಕೊಂಡು ಮಾವನನ್ನು ಜೇವರ್ಗಿ ಕಡೆಯ ಹೊಲವೊಂದಕ್ಕೆ ಕರೆದೊಯ್ದೆ.

ಎಂಟು ಹೆಂಗಸರು, ಎಂಟು ಯಂತ್ರ. ಎರೆಮಣ್ಣಿನ ಮೇಲೆ ಹಸಿರು ಕುಡಿ ಉದುರುತ್ತಿತ್ತು. ಅಷ್ಟು ಯಂತ್ರಗಳು ಒಟ್ಟಿಗೆ ಗುಂಯ್‌ಗುಡುವುದನ್ನು ಮಾವ ಕೇಳಿದ್ದು ಅದೇ ಮೊದಲು. ಬದುವಿನ ಮೇಲೆ ನಿಂತು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅವರು ಎಲ್ಲಿಯೂ ಟೋಪಿ ತೆಗೆದದ್ದನ್ನು ನಾನು ಕಂಡಿರಲಿಲ್ಲ.

ಸಾಲು ಮುಗಿಸಿ ಬಂದ ಹೆಂಗಸಿನ ಹತ್ತಿರ ಯಂತ್ರ ಇಸಿದುಕೊಂಡು ಒಂದು ಗಿಡಕ್ಕೆ ಹಚ್ಚಿದರು. ಆಕೆ ತಟ್ಟನೆ ಕಸಿದುಕೊಂಡಳು. "ಅಷ್ಟು ಕೆಳಗ ಕೊಯ್ತಾರೇನ್ರಿ ಅಜ್ಜಾರ? ಇದು ನಿಮಗ ತಿಳಿಯಂಗಿಲ್ಲ, ಬಿಡ್ರಿ."

ನನ್ನ ಕೈ ಚೀಲದೊಳಗೆ ಹೋಯಿತು. ಕಾಗದ ಇನ್ನೇನು ಹೊರಗೆ ಬರಬೇಕು, ಅಷ್ಟರಲ್ಲಿ ಮಾವ, "ಖರೆ ಅದವ್ವ, ತಿಳಿಯಂಗಿಲ್ಲ. ಕಲಿಸು" ಎಂದರು.

ಆಕೆ ಅವರ ಮಣಿಕಟ್ಟು ಹಿಡಿದು ಕೋಲನ್ನು ಚೂರು ಓರೆ ಮಾಡಿದಳು. "ಹಿಂಗ ಹಿಡದ್ರ ಕುಡಿ ಬ್ಲೇಡಿಗಿ ಸುತ್ತಂಗಿಲ್ಲ."

ಮಾವ ಗಕ್ಕನೆ ನಿಂತರು. ಕುಡಿಯ ನಾರು ಬ್ಲೇಡಿಗೆ ಸುತ್ತಿ ಮೋಟರು ನಿಲ್ಲುವುದು ಅವರಿಗೆ ಕೊನೆಯವರೆಗೂ ಬಗೆಹರಿಯದ ಕಾಟವಾಗಿತ್ತು. ಎಷ್ಟು ಬ್ಲೇಡು ಬದಲಿಸಿದ್ದರೋ! ಕೋಲು ಓರೆ ಮಾಡಬೇಕೆಂದು ಮಾತ್ರ ಹೊಳೆದಿರಲಿಲ್ಲ.

"ಇದನ್ನ ಯಾರವ್ವ ಹೇಳಿಕೊಟ್ಟವರು?"

"ಯಾರು ಹೇಳಿಕೊಡ್ತಾರ್ರಿ? ಮಾಡ್ತಾ ಮಾಡ್ತಾ ನನಗೇ ತಿಳೀತು. ಈಗ ಊರಾಗ ಎಲ್ಲಾರೂ ಹಿಂಗೇ ಹಿಡೀತಾರ."

ನಾನು ಕಾಗದವನ್ನು ಚೀಲದಲ್ಲೇ ಬಿಟ್ಟೆ. ಆ ಹೊಲದಲ್ಲಿ ಮಾವನ ಹೆಸರನ್ನು ಯಾರೂ ಕೇಳಲಿಲ್ಲ. ಮಾವ ಮಾತ್ರ ಆಕೆಯ ಹೆಸರು ಕೇಳಿದರು, ಮರೆಯಬಾರದೆಂದು ಎರಡು ಸಲ ಹೇಳಿಕೊಂಡರು.