ಕೆಂಪು ಪ್ಲಾಸ್ಟಿಕ್ಕಿನ ಜೋಕಾಲಿ

ಆ ದಿನ ಅವ್ವ ಮೂರು ಮನೆಯ ಪಾತ್ರೆ ತೊಳೆದಳು, ಎರಡು ಮನೆಯ ನೆಲ ಒರೆಸಿದಳು, ಒಂದು ಬಾಲ್ಕನಿಯ ಪಾರಿವಾಳದ ಹಿಕ್ಕೆ ಕೆರೆದಳು. ನಾನು ಬಟ್ಟೆ ಮಡಚಿದೆ. ನಾವು ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಬಂದು ಪಟ್ಟಂದೂರು ಅಗ್ರಹಾರದ ಶೀಟಿನ ಮನೆ ಸೇರಿದ ಮೊದಲ ಶ್ರಾವಣವದು. ನನಗಾಗ ಒಂಬತ್ತು; ಶಾಲೆಗಿನ್ನೂ ಸೇರಿರಲಿಲ್ಲ. ಅವ್ವ ಕೆಲಸಕ್ಕೆ ಹೋಗುತ್ತಿದ್ದ ಅಪಾರ್ಟ್‌ಮೆಂಟುಗಳು ಆಗ ಹೊಸ ಬಣ್ಣದ ವಾಸನೆ ಹೊಡೆಯುತ್ತಿದ್ದವು.

ಅವತ್ತು ನಾಗರಪಂಚಮಿ. ಕೊನೆಯ ಮನೆಯ ಯಜಮಾನಿ ಧಾರವಾಡದವರು. ಅವ್ವನೊಂದಿಗೆ ನಮ್ಮ ಕಡೆಯ ಮಾತನ್ನೇ ಆಡುತ್ತಿದ್ದರು. ಅಲ್ಲಿ ಅವ್ವ ‘ಅಕ್ಕಾರ’ ಎನ್ನುತ್ತಿದ್ದುದು ಅವರೊಬ್ಬರನ್ನೇ; ಉಳಿದವರೆಲ್ಲ ‘ಮೇಡಂ’.

“ಪಂಚಮಿ ಅಂದ್ರ ಜೋಕಾಲಿ, ಅಲ್ಲೇನ ದ್ಯಾವಮ್ಮ? ನಾ ಅಂತೂ ಬೇವಿನ ಗಿಡದ ತುದಿ ಮುಟ್ಟತಿದ್ದೆ!”

“ನಾನೂ ಹಂಗ ರೀ. ಈಕಿ ಮುಂಜಾನಿಂದ ಜೋಕಾಲಿ ಜೋಕಾಲಿ ಅಂತ ನನ್ನ ಜೀವ ತಿಂದಾಳ.”

ನಮ್ಮೂರಿನಲ್ಲಿ ಪಂಚಮಿಯ ದಿನ ಯಾರ ಜೋಕಾಲಿಯನ್ನು ಯಾರು ಬೇಕಾದರೂ ಹತ್ತಬಹುದು. ಗೌಡರ ಅಂಗಳದ್ದಾದರೂ ಕೇಳುವ ಪದ್ಧತಿಯಿಲ್ಲ. ಹಾಗಾಗಿ ಕೆಲಸ ಮುಗಿದೊಡನೆ ಅವ್ವ ನನ್ನನ್ನು ನೇರ ಕೆಳಗಿನ ಆಟದ ಜಾಗಕ್ಕೆ ಕರೆದೊಯ್ದಳು. ಕೆಂಪು ಪ್ಲಾಸ್ಟಿಕ್ಕಿನ ಜೋಕಾಲಿಗಳು. ಕೆಳಗೆ ಬಿಸಿಲಿಗೆ ಟೈರಿನಂತೆ ನಾರುವ ರಬ್ಬರು ನೆಲ. ನನ್ನನ್ನು ತೂಗಿ, ಆಮೇಲೆ ಸೆರಗು ಸಿಕ್ಕಿಸಿ ಪಕ್ಕದ್ದರ ಮೇಲೆ ತಾನೇ ನಿಂತು ಜೀಕಿದಳು. ಊರು ಬಿಟ್ಟ ಮೇಲೆ ಅವಳು ಬಾಯ್ತುಂಬ ನಕ್ಕಿದ್ದು ಅದೇ ಮೊದಲು.

ಸೆಕ್ಯೂರಿಟಿಯವನು ಸೀಟಿ ಊದುತ್ತ ಓಡಿಬಂದ. “ಏಯ್, ಇಳಿಯಮ್ಮೋ! ಕೆಲಸದೋರು ಅತ್ತಂಗಿಲ್ಲ ಇದನ್ನ. ನಿಮ್ಮಪ್ಪಂದಾ ಇದು?”

ಅವ್ವ ಇಳಿಯಲಿಲ್ಲ. ಬೆಂಚಿನಲ್ಲಿ ಗೆಳತಿಯರೊಂದಿಗೆ ಕೂತಿದ್ದ ಧಾರವಾಡದವರನ್ನು ಕೂಗಿದಳು: “ಅಕ್ಕಾರ, ಇವಂಗ ಗೊತ್ತಿಲ್ರಿ. ಇವತ್ತ ಪಂಚಮಿ ಅದ ಅಂತ ಹೇಳ್ರಿ!”

“ನಿಮ್ಮ ರಿಲೇಟಿವ್ಸಾ?” ಎಂದು ಗೆಳತಿಯೊಬ್ಬಳು ನಕ್ಕಳು.

ಅಕ್ಕಾರ ಕಿವಿ ಕೆಂಪಾಯಿತು. “ನೋಡಮ್ಮಾ, ಕೆಲಸ ಮುಗೀತಲ್ಲ, ಮನೆಗೆ ಹೋಗು. ಮಕ್ಕಳು ಆಡೋ ಜಾಗ ಇದು,” ಎಂದರು, ಅಪ್ಪಟ ಬೆಂಗಳೂರಿನ ಮಾತಿನಲ್ಲಿ. ನಾನು ಅವರ ಕಣ್ಣೆದುರೇ ಇದ್ದೆ.

ಅವ್ವ ಇಳಿದಳು. ಯಾರೂ ಹೇಳದಿದ್ದರೂ ಎರಡೂ ಸೀಟುಗಳನ್ನು ಸೆರಗಿನಿಂದ ಒರೆಸಿದಳು. “ತಪ್ಪಾತು ಮೇಡಂ,” ಎಂದಳು.

ಆ ಮನೆಯಲ್ಲಿ ಅವಳು ಇನ್ನೂ ಆರು ವರ್ಷ ದುಡಿದಳು, ನಮ್ಮ ಕಡೆಯ ಒಂದು ಮಾತೂ ಆಡದೆ. ಕ್ರಮೇಣ ನನ್ನೊಂದಿಗೂ ಬಿಟ್ಟಳು. ಈಗ ನನ್ನ ಮಗಳಿಗೆ ಆ ಮಾತು ಬರುವುದಿಲ್ಲ. ಅಜ್ಜಿ ಹೇಳಿಕೊಡುವುದೂ ಇಲ್ಲ.

ಅಂದು ಹಬ್ಬದ ಕಡುಬು ಮಾಡಲಿಲ್ಲ. ಬೆಳಗಿನ ತಣ್ಣನೆಯ ಅನ್ನಕ್ಕೆ ಉಪ್ಪು, ಖಾರದಪುಡಿ ಕಲಸಿ ಉಂಡೆವು. ಹೊರಗಿನ್ನೂ ಬೆಳಕಿತ್ತು. ಅವ್ವ ಗೋಡೆಗೆ ಮುಖ ಮಾಡಿ ನನಗಿಂತ ಮೊದಲೇ ಮಲಗಿದಳು.